ಒಂದೇ ದಿನ, ಒಂದೇ ಆಟ: ಸ್ಕಾಟ್ಲೆಂಡಿನಲ್ಲಿ ಗಾಲ್ಫ್ ಆಡಬಯಸುವವರಿಗೆ

ಪ್ರವಾಸಿಗೆ ಹಣಕ್ಕಿಂತಲೂ ಕಾಲವೇ ದೊಡ್ಡ ಬಂಡವಾಳ. ಹಣವನ್ನು ಊರಿಗೆ ಮರಳಿದ ಮೇಲೆ ಮತ್ತೆ ಗಳಿಸಬಹುದು. ಪರನಾಡಿನಲ್ಲಿ ಕಳೆದುಹೋದ ದಿನವನ್ನು ಮರಳಿ ಪಡೆಯಲಾಗದು. ಮಕ್ಕಳು ಮೊಮ್ಮಕ್ಕಳನ್ನು ಕಾಣಲೆಂದು ಇಂಗ್ಲೆಂಡು, ಸ್ಕಾಟ್ಲೆಂಡುಗಳಿಗೆ ಹೋಗಿಬರುವ ಹಿರಿಯರು ಇಂದು ನಮ್ಮ ಅನೇಕ ಮನೆತನಗಳಲ್ಲಿದ್ದಾರೆ. ಅವರಲ್ಲಿ ಗಾಲ್ಫ್ ಆಟದ ಅಭಿರುಚಿಯುಳ್ಳವರೂ ಉಂಟು. ಬೆಂಗಳೂರು ಗಾಲ್ಫ್ ಕ್ಲಬ್ಬು 1876ರಲ್ಲಿಯೇ ಸ್ಥಾಪಿತವಾದುದು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದು, ಪದಕದ ಹೊಸ್ತಿಲವರೆಗೆ ನಡೆದು ಬಂದ ಬಳಿಕ, ಈ ಆಟದ ಹೆಸರು ಕೇಳದ ಮನೆಗಳಲ್ಲಿಯೂ ಅದರ ಮಾತು ಮೊದಲಾಗಿದೆ.

ಗಾಲ್ಫ್ ಬಲ್ಲವರು ಸ್ಕಾಟ್ಲೆಂಡಿಗೆ ಹೋದರೆ ಒಂದು ಆಟವನ್ನಾದರೂ ಅಲ್ಲಿ ಆಡಿಬರಬೇಕೆಂದು ಬಯಸುವುದು ಸಹಜ. ಈ ಆಟ ಇಂದಿನ ರೂಪವನ್ನು ತಳೆದದ್ದು ಆ ನೆಲದಲ್ಲಿಯೇ. ಸ್ಕಾಟ್ಲೆಂಡಿನ ದೊರೆ ಎರಡನೆಯ ಜೇಮ್ಸನು ಪ್ರಜೆಗಳು ಬಿಲ್ವಿದ್ಯೆಯ ಅಭ್ಯಾಸವನ್ನು ಬಿಟ್ಟು ಈ ಆಟದಲ್ಲಿ ಕಾಲ ಕಳೆಯುತ್ತಿದ್ದಾರೆಂದು 1457ರಲ್ಲಿ ಇದನ್ನು ನಿಷೇಧಿಸಿದ್ದನು. ಅಷ್ಟು ಹಳೆಯ ನಾಡಿನಲ್ಲಿ ಮೈದಾನಗಳಿಗೇನೂ ಕೊರತೆಯಿಲ್ಲ. ಆದರೆ ಪ್ರವಾಸಿಯ ಕೈಯಲ್ಲಿರುವುದು ಒಂದೇ ದಿನ. ಜೊತೆಯಲ್ಲಿ ಮಡದಿ, ಸೊಸೆ, ಮೊಮ್ಮಕ್ಕಳು ಇದ್ದಾರೆ. ಹಾಗಿರುವಾಗ ಎಲ್ಲಿ ಆಡಬೇಕು? ಈ ಪ್ರಶ್ನೆಗೆ ಉತ್ತರವನ್ನು ಊರಿನಲ್ಲಿರುವಾಗಲೇ ಕಂಡುಕೊಂಡರೆ ಒಳಿತು. ಆ ದಿಸೆಯಲ್ಲಿ ವಾಚಕ ಬಂಧುಗಳಿಗೆ ನೆರವಾಗಲೆಂದು ಕೆಲವು ಸಂಗತಿಗಳನ್ನು ಇಲ್ಲಿ ನಿರೂಪಿಸುತ್ತಿದ್ದೇವೆ.

ಸೇಂಟ್ ಆಂಡ್ರೂಸ್ ಎಂಬ ಊರು

ಗಾಲ್ಫ್ ಎಂದೊಡನೆ ನೆನಪಿಗೆ ಬರುವ ಊರು ಸೇಂಟ್ ಆಂಡ್ರೂಸ್. ಎಡಿನ್‌ಬರೋ ನಗರದ ಉತ್ತರಕ್ಕೆ, ಸಮುದ್ರದ ದಂಡೆಯಲ್ಲಿರುವ ಸಣ್ಣ ಪಟ್ಟಣವಿದು. 1413ರಲ್ಲಿ ಸ್ಥಾಪನೆಗೊಂಡ ವಿಶ್ವವಿದ್ಯಾನಿಲಯ ಇಲ್ಲಿದೆ. ಊರಿನ ಅಂಚಿಗೆ ತಾಗಿಕೊಂಡಿರುವುದೇ 'ಓಲ್ಡ್ ಕೋರ್ಸ್' ಎಂಬ ಜಗತ್ಪ್ರಸಿದ್ಧ ಮೈದಾನ.

ಈ ಮೈದಾನ ಯಾವುದೋ ಸಿರಿವಂತರ ಖಾಸಗಿ ಸೊತ್ತೆಂದು ಅನೇಕರು ಭಾವಿಸಿರುತ್ತಾರೆ. ವಾಸ್ತವ ಹಾಗಿಲ್ಲ. ಸಮುದ್ರಕ್ಕೂ ಉಳುವ ಹೊಲಗಳಿಗೂ ನಡುವೆ ಇರುವ, ಬೇಸಾಯಕ್ಕೆ ಒದಗದ ಮರಳು ಮಿಶ್ರಿತ ಹುಲ್ಲುನೆಲಕ್ಕೆ ಅಲ್ಲಿಯವರು 'ಲಿಂಕ್ಸ್' ಎನ್ನುತ್ತಾರೆ. ನಮ್ಮ ಹಳ್ಳಿಗಳ ಗೋಮಾಳದಂತೆ ಅದು ಊರಿಗೆಲ್ಲ ಸೇರಿದ ಭೂಮಿ. ಕುರಿ ಮೇಯಿಸುವುದು, ಬಟ್ಟೆ ಒಣಗಿಸುವುದು, ಆಟವಾಡುವುದು ಎಲ್ಲವೂ ಅಲ್ಲಿಯೇ ನಡೆಯುತ್ತಿದ್ದವು. 1552ರಲ್ಲಿ ಆರ್ಚ್‌ಬಿಷಪ್ ಹ್ಯಾಮಿಲ್ಟನ್ನನ ಸನದು ಈ ನೆಲದ ಮೇಲೆ ಊರಿನವರಿಗಿದ್ದ ಹಕ್ಕನ್ನು ಎತ್ತಿಹಿಡಿಯಿತು.

ಆ ಗೋಮಾಳಕ್ಕೂ ಒಮ್ಮೆ ಗಂಡಾಂತರ ಒದಗಿತ್ತು. ಸಾಲದಲ್ಲಿ ಮುಳುಗಿದ ಪುರಸಭೆಯು 1797ರಲ್ಲಿ ಆ ಭೂಮಿಯನ್ನು ಪರಾಧೀನ ಮಾಡಿತು. ಮುಂದೆ ಅದು ಮೊಲ ಸಾಕುವ ವ್ಯಾಪಾರಿಗಳ ಕೈಸೇರಿತು. ಮೊಲಗಳು ಅಲ್ಲಲ್ಲಿ ಬಿಲ ತೋಡಿ ಆಟದ ನೆಲವನ್ನು ಹಾಳುಗೆಡವತೊಡಗಿದಾಗ ಊರಿನವರಿಗೂ ವ್ಯಾಪಾರಿಗಳಿಗೂ ವ್ಯಾಜ್ಯ ಹುಟ್ಟಿ, ವರ್ಷಗಟ್ಟಲೆ ಮುಂದುವರಿಯಿತು. ಕಡೆಗೆ 1821ರಲ್ಲಿ ಜೇಮ್ಸ್ ಚೀಪ್ ಎಂಬ ನೆರೆಯ ಜಮೀನುದಾರನು ಆ ನೆಲವನ್ನು ಕೊಂಡು ಆಟಕ್ಕೆ ಉಳಿಸಿಕೊಟ್ಟನು. 1894ರಲ್ಲಿ ಪಾರ್ಲಿಮೆಂಟಿನ ಶಾಸನದ ಬಲದಿಂದ ಪುರಸಭೆಯು ಅದನ್ನು ಮರಳಿ ಕೊಂಡಿತು. 1974ರಿಂದ ಇದರ ಮೇಲ್ವಿಚಾರಣೆಯನ್ನು ಶಾಸನಬದ್ಧವಾದ ಒಂದು ಟ್ರಸ್ಟು ನೋಡಿಕೊಳ್ಳುತ್ತಿದೆ. ಹೀಗೆ ಜಗತ್ತಿನ ಅತ್ಯಂತ ಹೆಸರಾಂತ ಗಾಲ್ಫ್ ಮೈದಾನ ಇಂದಿಗೂ ಸಾರ್ವಜನಿಕರದಾಗಿದೆ. ಗೋಮಾಳಗಳು ಒತ್ತುವರಿಯಾಗಿ ಕಣ್ಮರೆಯಾಗುತ್ತಿರುವುದನ್ನು ಕಂಡಿರುವ ನಮಗೆ ಈ ವೃತ್ತಾಂತ ವಿಚಾರಯೋಗ್ಯವಾದುದು.

ಹಳೆಯ ಮೈದಾನದ ವೈಶಿಷ್ಟ್ಯ

ಗಾಲ್ಫ್ ಅಂಗಣದಲ್ಲಿ 18 ಕುಳಿಗಳಿರಬೇಕೆಂಬ ಪದ್ಧತಿ ಬೆಳೆದುಬಂದದ್ದು ಇಲ್ಲಿಂದಲೇ. ಮೊದಲು ಇಲ್ಲಿ ಒಂದು ಸುತ್ತಿಗೆ 22 ಕುಳಿಗಳ ಆಟವಿತ್ತು. 1764ರಲ್ಲಿ ಕೆಲವನ್ನು ಒಂದುಗೂಡಿಸಿ 18ಕ್ಕೆ ಇಳಿಸಿದರು. ಕಾಲಕ್ರಮದಲ್ಲಿ ಅದೇ ಜಗತ್ತಿನ ನಿಯಮವಾಯಿತು. ಕುಳಿಯ ಸುತ್ತ ಇರುವ ನುಣುಪಾದ ಹುಲ್ಲುಹಾಸಿಗೆ 'ಗ್ರೀನ್' ಎಂದು ಹೆಸರು. ಈ ಮೈದಾನದಲ್ಲಿ ಏಳು ಜೋಡಿ ಗ್ರೀನುಗಳಿವೆ. ಹೋಗುವ ದಾರಿಯ ಕುಳಿಯೂ ಬರುವ ದಾರಿಯ ಕುಳಿಯೂ ಒಂದೇ ಹಾಸಿನ ಮೇಲಿರುತ್ತವೆ. ಎರಡನೆಯದಕ್ಕೆ ಹದಿನಾರನೆಯದು, ಮೂರನೆಯದಕ್ಕೆ ಹದಿನೈದನೆಯದು, ಹೀಗೆ ಜೋಡಿಯಾದ ಅಂಕಿಗಳನ್ನು ಕೂಡಿದರೆ ಪ್ರತಿಸಲವೂ ಹದಿನೆಂಟೇ ಬರುತ್ತದೆ. ಬಂಕರ್ ಎಂದು ಕರೆಯುವ ಮರಳುಗುಂಡಿಗಳು ನೂರಕ್ಕೂ ಮಿಕ್ಕಿವೆ. ಗಾಳಿಗೆ ಹೆದರಿದ ಕುರಿಗಳು ಆಶ್ರಯಕ್ಕಾಗಿ ಒತ್ತೊತ್ತಾಗಿ ಮಲಗಿ, ಹುಲ್ಲು ಸವೆದು ಇಂತಹ ಗುಂಡಿಗಳಾದವೆಂದು ಹಿಂದಿನಿಂದಲೂ ಹೇಳಿಕೊಂಡು ಬಂದಿದ್ದಾರೆ. ಮೊದಲ ಮತ್ತು ಕೊನೆಯ ಕುಳಿಗಳ ದಾರಿಯನ್ನು ಅಡ್ಡಹಾಯ್ದು ಸಾರ್ವಜನಿಕ ರಸ್ತೆಯೊಂದು ಹೋಗುತ್ತದೆ. ದಾರಿಹೋಕರು ದಾಟುವವರೆಗೆ ಆಟಗಾರ ಕಾದು ನಿಲ್ಲಬೇಕು!

ಇಂತಹ ನೆಲದಲ್ಲಿ ಆಡುವ ಅವಕಾಶ ಎಲ್ಲರಿಗೂ ಉಂಟಾದರೂ, ಅದು ಬಯಸಿದ ದಿನ ಸಿಗುತ್ತದೆಂಬ ಭರವಸೆಯಿಲ್ಲ. ಬಹಳ ತಿಂಗಳು ಮುಂಚಿತವಾಗಿ ಕಾದಿರಿಸಿದವರಿಗೆ ಒಂದು ಪಾಲು ಹೋಗುತ್ತದೆ. ಉಳಿದವರು ಆಡಬೇಕಾದ ದಿನಕ್ಕೆ ಎರಡು ದಿನ ಮೊದಲು ಹೆಸರು ಕೊಟ್ಟು, ಚೀಟಿ ಎತ್ತುವ ಕ್ರಮದಲ್ಲಿ ತಮ್ಮ ಹೆಸರು ಬರುವುದೋ ಎಂದು ನೋಡಬೇಕು. ಇದಕ್ಕೆ ಕನಿಷ್ಠ ಇಬ್ಬರ ತಂಡವಿರಬೇಕು. ಒಬ್ಬಂಟಿಗರು ಮುಂಚೆ ನಸುಕಿನಲ್ಲಿ, ಕೆಲವರು ರಾತ್ರಿಯಿಡೀ ಸರತಿಯಲ್ಲಿ ನಿಲ್ಲುತ್ತಿದ್ದರು. 2024ರಿಂದ ಅವರಿಗೂ ಚೀಟಿಯ ಕ್ರಮವೇ ಬಂದಿದೆ. ಮುನ್ನಾದಿನ ಅಲ್ಲಿಗೆ ಖುದ್ದಾಗಿ ಹೋಗಿ ಹೆಸರು ನೋಂದಾಯಿಸಬೇಕು. ಆಟದ ಮಟ್ಟವನ್ನು ತೋರುವ 'ಹ್ಯಾಂಡಿಕ್ಯಾಪ್' ಪ್ರಮಾಣಪತ್ರವೂ ಕೈಯಲ್ಲಿರಬೇಕು. ಶುಲ್ಕವಂತೂ ಅಲ್ಪವಲ್ಲ. 2024ರ ಬೇಸಿಗೆಯಲ್ಲಿ ಒಂದು ಸುತ್ತಿಗೆ 320 ಪೌಂಡು ಇತ್ತು. ನಮ್ಮ ಲೆಕ್ಕದಲ್ಲಿ 30,000 ರೂಪಾಯಿಗಳಿಗೂ ಹೆಚ್ಚು.

ಇಲ್ಲಿಯೇ ಪ್ರವಾಸಿಯು ವಿವೇಕದಿಂದ ವರ್ತಿಸಬೇಕು. ಒಂದೇ ದಿನ ಉಳ್ಳವನು ಆ ದಿನವನ್ನು ಚೀಟಿಯ ಅದೃಷ್ಟಕ್ಕೆ ಒಪ್ಪಿಸಿದರೆ, ಹೆಸರು ಬಾರದೆ ಹೋದಲ್ಲಿ ಆಟವೂ ಇಲ್ಲ, ಊರು ನೋಡಿದಂತೆಯೂ ಇಲ್ಲ. ಮನೆಮಂದಿಯೆಲ್ಲ ಒಬ್ಬರ ಮುಖವನ್ನೊಬ್ಬರು ನೋಡುತ್ತ ಕುಳಿತಿರಬೇಕಾದೀತು. ಆದುದರಿಂದ ಚೀಟಿಗೆ ಹೆಸರು ಕೊಡುವುದಾದರೆ ಕೊಡಲಿ. ಆದರೆ ಅದೇ ದಿನಕ್ಕೆ ಬೇರೊಂದು ಮೈದಾನವನ್ನೂ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿರಬೇಕು.

ಅದೇ ಊರಿನ ಇತರ ಮೈದಾನಗಳು

ಸೇಂಟ್ ಆಂಡ್ರೂಸಿನಲ್ಲಿ ಟ್ರಸ್ಟಿಗೆ ಸೇರಿದ ಏಳು ಮೈದಾನಗಳಿವೆ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಹಳೆಯದರ ಮಗ್ಗುಲಲ್ಲಿಯೇ ಇರುವ 'ನ್ಯೂ ಕೋರ್ಸ್' ಹೆಸರಿಗೆ ಮಾತ್ರ ಹೊಸದು. ಅದು ಆರಂಭವಾದದ್ದು 1895ರಲ್ಲಿ. ಅದನ್ನು ರೂಪಿಸಿದವರು ಓಲ್ಡ್ ಟಾಮ್ ಮಾರಿಸ್. 1821ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ದೀರ್ಘಕಾಲ ಇಲ್ಲಿಯ ಹುಲ್ಲುನೆಲವನ್ನು ಪೋಷಿಸಿದ ಕಾಯಕಜೀವಿ ಅವರು. ನಾಲ್ಕು ಸಲ ಓಪನ್ ಸ್ಪರ್ಧೆಯನ್ನು ಗೆದ್ದವರು. 1897ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ವಜ್ರಮಹೋತ್ಸವದ ನೆನಪಿಗೆ 'ಜ್ಯೂಬಿಲಿ' ಮೈದಾನ ಸಿದ್ಧವಾಯಿತು. ಮೊದಲಿಗೆ ಮಹಿಳೆಯರಿಗಾಗಿ, ಕಲಿಯುವವರಿಗಾಗಿ ಇದ್ದ ಅದು ಈಗ ಅಲ್ಲಿಯ ಕಠಿಣ ಮೈದಾನಗಳಲ್ಲೊಂದು. 1914ರ 'ಈಡನ್' ಅದಕ್ಕಿಂತ ಸೌಮ್ಯವಾದುದು. 1993ರಲ್ಲಿ ತೆರೆದ 'ಸ್ಟ್ರಾತ್‌ಟೈರಂ' ಇನ್ನೂ ಸುಲಭ. 'ಬಾಲ್ಗೋವ್' ಒಂಬತ್ತೇ ಕುಳಿಗಳದು. ಮಕ್ಕಳಿಗೂ ಹೊಸಬರಿಗೂ ಮೀಸಲಾದಂತಿದೆ. 2008ರಲ್ಲಿ ಊರ ಹೊರಗೆ ಸಮುದ್ರದ ಕಡಿದಾದ ದಂಡೆಯ ಮೇಲೆ 'ಕ್ಯಾಸಲ್' ಮೈದಾನ ತಲೆಯೆತ್ತಿತು.

ಇವುಗಳಲ್ಲಿ ನ್ಯೂ ಅಥವಾ ಈಡನ್ ಮೈದಾನವನ್ನು ಆರಿಸಿಕೊಂಡರೆ ಅದೇ ಕಡಲ ಗಾಳಿ, ಅದೇ ಮರಳುನೆಲ, ಅದೇ ಹಳೆಯ ಊರಿನ ಗೋಪುರಗಳ ನೋಟ ದೊರೆಯುತ್ತದೆ. ಶುಲ್ಕ ಹಳೆಯದಕ್ಕಿಂತ ಬಹಳ ಕಡಿಮೆ. ಮುಂಚಿತವಾಗಿ ಕಾದಿರಿಸಿ ನಿಶ್ಚಿಂತೆಯಿಂದಲೂ ಇರಬಹುದು. ಹೆಸರಿನ ಮೋಹವೊಂದನ್ನು ಬಿಟ್ಟರೆ ಇಲ್ಲಿ ನಷ್ಟವಾಗುವುದು ಬಹಳವಿಲ್ಲ.

ಭಾನುವಾರದ ಅನುಕೂಲ

ಹಳೆಯ ಮೈದಾನಕ್ಕೆ ಭಾನುವಾರ ಬಿಡುವು. ಕೆಲವು ದೊಡ್ಡ ಸ್ಪರ್ಧೆಗಳ ದಿನಗಳನ್ನು ಹೊರತುಪಡಿಸಿದರೆ ಅಂದು ಅಲ್ಲಿ ಆಟವಿಲ್ಲ. ನೆಲಕ್ಕೂ ವಿಶ್ರಾಂತಿ ಬೇಕೆಂಬ ಈ ವ್ಯವಸ್ಥೆಯಿಂದ ಆ ದಿನ ಮೈದಾನವು ಊರಿನ ಉದ್ಯಾನವಾಗುತ್ತದೆ. ಮಕ್ಕಳು, ಮುದುಕರು, ನಾಯಿಯನ್ನು ಅಡ್ಡಾಡಿಸುವವರು, ಪ್ರವಾಸಿಗರು ಎಲ್ಲರೂ ನಿರಾತಂಕವಾಗಿ ಅಲ್ಲಿ ತಿರುಗಾಡಬಹುದು. ಕೊನೆಯ ಕುಳಿಯ ದಾರಿಯಲ್ಲಿ ಹಳ್ಳವೊಂದರ ಮೇಲಿರುವ 'ಸ್ವಿಲ್ಕನ್' ಎಂಬ ಪುಟ್ಟ ಕಲ್ಲುಸೇತುವೆಯ ಮೇಲೆ ನಿಂತು ಭಾವಚಿತ್ರ ತೆಗೆಸಿಕೊಳ್ಳಬಹುದು. 2022ರಲ್ಲಿ ನೂರೈವತ್ತನೆಯ ಓಪನ್ ಸ್ಪರ್ಧೆ ನಡೆದ ನೆಲದ ಮೇಲೆ ಬಿಡಿಗಾಸು ಕೊಡದೆ ನಡೆದುಬರಬಹುದು.

ಸಮೀಪದಲ್ಲಿಯೇ 'ಹಿಮಾಲಯಾಸ್' ಎಂಬ ಹೆಸರಿನ ಏರಿಳಿತದ ಹುಲ್ಲುಹಾಸೊಂದಿದೆ. ನಮ್ಮ ಹಿಮಾಲಯದ ಹೆಸರು ಅಲ್ಲಿಗೆ ಹೋಗಿರುವುದನ್ನು ಕಂಡು ಯಾರಿಗಾದರೂ ನಗು ಬಾರದಿರದು. ಅಲ್ಲಿಯ ದಿಬ್ಬಗಳು ಆಳೆತ್ತರವೂ ಇಲ್ಲ. ಇದು 1867ರಲ್ಲಿ ಸ್ಥಾಪಿತವಾದ ಮಹಿಳೆಯರ ಸಂಘವೊಂದರ ಆಟದ ತಾಣ. ಹೆಂಗಸರು ಭುಜದ ಮೇಲಕ್ಕೆ ಕೋಲೆತ್ತಿ ಬೀಸುವುದು ಸಭ್ಯತೆಯಲ್ಲವೆಂದು ಅಂದಿನ ಸಮಾಜ ಎಣಿಸಿದ್ದುದರಿಂದ, ಚೆಂಡನ್ನು ಮೆಲ್ಲನೆ ತಳ್ಳಿ ಕುಳಿಗೆ ಬೀಳಿಸುವ ಆಟವಷ್ಟೇ ಅವರ ಪಾಲಿಗೆ ಉಳಿದಿತ್ತು. ಅದನ್ನೇ ಅವರು ಕಲೆಯಾಗಿಸಿದರು. ಇಂದು ಬೇಸಿಗೆಯ ಕಾಲದಲ್ಲಿ, ಸಂಘದವರ ಆಟವಿಲ್ಲದ ವೇಳೆಯಲ್ಲಿ, ಅಲ್ಪ ಶುಲ್ಕ ತೆತ್ತು ಯಾರು ಬೇಕಾದರೂ ಆಡಬಹುದು. ಕೋಲು, ಚೆಂಡು ಅಲ್ಲಿಯೇ ಕೊಡುತ್ತಾರೆ. ಎಂದೂ ಗಾಲ್ಫ್ ಕಾಣದ ಅಜ್ಜಿಯೂ ಸೀರೆಯುಟ್ಟುಕೊಂಡೇ ಮೊಮ್ಮಗಳೊಡನೆ ಸೋಲು ಗೆಲುವಿನ ಲೆಕ್ಕ ಹಾಕಬಹುದಾದ ಜಾಗವಿದು.

ಎಡಿನ್‌ಬರೋ ನಗರದಲ್ಲಿಯೇ ಇರುವವರಿಗೆ

ಸೇಂಟ್ ಆಂಡ್ರೂಸಿಗೆ ರೈಲು ನಿಲ್ದಾಣವಿಲ್ಲ. ಇದ್ದ ಮಾರ್ಗವನ್ನು 1969ರಲ್ಲಿ ಮುಚ್ಚಿದರು. ಲೂಕರ್ಸ್ ಎಂಬಲ್ಲಿ ಇಳಿದು ಬಸ್ಸನ್ನೋ ಟ್ಯಾಕ್ಸಿಯನ್ನೋ ಹಿಡಿಯಬೇಕು. ಹೋಗಿಬರುವುದರಲ್ಲಿಯೇ ಅರ್ಧ ದಿನ ಸವೆಯುತ್ತದೆ. ಅಷ್ಟು ವೇಳೆಯಿಲ್ಲದವರಿಗೆ ಎಡಿನ್‌ಬರೋದ ಆಸುಪಾಸಿನಲ್ಲಿಯೇ ಅನುಕೂಲಗಳುಂಟು.

ನಗರದ ಪೂರ್ವಕ್ಕಿರುವ ಮಸಲ್‌ಬರೋ ಊರಿನಲ್ಲಿ, ಕುದುರೆ ಪಂದ್ಯದ ಅಂಗಣದ ಒಳಗೆ, ಒಂಬತ್ತು ಕುಳಿಗಳ ಹಳೆಯ ಮೈದಾನವಿದೆ. 1672ರಲ್ಲಿ ಅಲ್ಲಿ ಗಾಲ್ಫ್ ಆಡಿದ್ದಕ್ಕೆ ಲಿಖಿತ ದಾಖಲೆಯುಂಟು. 1874ರಿಂದ 1889ರ ವರೆಗೆ ಆರು ಸಲ ಓಪನ್ ಸ್ಪರ್ಧೆ ನಡೆದ ನೆಲವದು. ಇಂದು ಲೋಕದ ಎಲ್ಲ ಮೈದಾನಗಳಲ್ಲಿಯೂ ಕುಳಿಯ ಅಗಲ ನಾಲ್ಕೂಕಾಲು ಅಂಗುಲ. ಆ ಅಳತೆ ಮಸಲ್‌ಬರೋದಲ್ಲಿ 1829ರಲ್ಲಿ ಮಾಡಿಸಿದ ಕುಳಿ ತೋಡುವ ಉಪಕರಣದಿಂದ ಬಂದುದೆಂದು ಹೇಳುತ್ತಾರೆ. 1891ರಲ್ಲಿ ಅದು ನಿಯಮವಾಯಿತು. ಅಲ್ಲಿಯ ಕ್ಲಬ್ಬು ಮೀನು ಮಾರುವ ದುಡಿಮೆಯ ಹೆಂಗಸರಿಗಾಗಿ 1811ರ ಹೊಸವರ್ಷದಂದು ಸ್ಪರ್ಧೆ ಏರ್ಪಡಿಸಿ, ಗೆದ್ದವಳಿಗೆ ಮೀನಿನ ಬುಟ್ಟಿಯನ್ನು ಬಹುಮಾನವಾಗಿ ಗೊತ್ತುಮಾಡಿದ ಸಂಗತಿ ಅದರ ದಾಖಲೆಯಲ್ಲಿದೆ. ಒಂಬತ್ತು ಕುಳಿಗಳ ಆಟಕ್ಕೆ ಎರಡು ಗಂಟೆ ಸಾಕು. ಹಳೆಯ ಕಾಲದ ಮರದ ಕೋಲುಗಳನ್ನು ಬಾಡಿಗೆಗೆ ಪಡೆದು ಆಡುವ ಅವಕಾಶವೂ ಅಲ್ಲುಂಟು.

ನಗರದ ಒಳಗೆಯೇ ಬ್ರಂಟ್ಸ್‌ಫೀಲ್ಡ್ ಲಿಂಕ್ಸ್ ಎಂಬ ಸಾರ್ವಜನಿಕ ಬಯಲಿದೆ. ಅಲ್ಲಿ ಚಿಕ್ಕ ಚಿಕ್ಕ ಹೊಡೆತಗಳ ಆಟಕ್ಕೆ ಶುಲ್ಕವೇ ಇಲ್ಲ. ಕೋಲು ಚೆಂಡುಗಳನ್ನು ಮಾತ್ರ ಹೊಂದಿಸಿಕೊಳ್ಳಬೇಕು. ಅರ್ಧ ಗಂಟೆಯ ರೈಲು ಪ್ರಯಾಣ ಮಾಡಬಲ್ಲವರು ನಾರ್ತ್ ಬೆರಿಕ್‌ಗೆ ಹೋಗಬಹುದು. ಅಲ್ಲಿಯ ಕ್ಲಬ್ಬು 1832ರದು. ಸಮುದ್ರದ ನಡುವೆ ಎದ್ದುನಿಂತ ಬಾಸ್ ಬಂಡೆಯ ನೋಟ, ಹದಿಮೂರನೆಯ ಕುಳಿಗೆ ಅಡ್ಡಲಾಗಿರುವ ಹಳೆಯ ಕಲ್ಲುಗೋಡೆ, ಜಗತ್ತಿನ ಅನೇಕ ಕಡೆ ಅನುಕರಣೆಗೊಂಡ 'ರೆಡಾನ್' ಎಂಬ ಹದಿನೈದನೆಯ ಕುಳಿ ಇವು ಆಟಗಾರನ ಮನಸ್ಸನ್ನು ಸೂರೆಗೊಳ್ಳುತ್ತವೆ. ನಿಲ್ದಾಣದಿಂದ ನಡೆದೇ ಹೋಗುವಷ್ಟು ಹತ್ತಿರವಿರುವುದು ಹಿರಿಯರಿಗೆ ಮತ್ತೊಂದು ಅನುಕೂಲ.

ಕೀರ್ತಿಯನ್ನಷ್ಟೇ ನೋಡಬಾರದು

ದೂರದ ಬೆಟ್ಟ ನುಣ್ಣಗೆ ಕಾಣುವುದು ಲೋಕಾನುಭವ. ಕಾರ್ನೂಸ್ಟಿ ಮೈದಾನದ ಹೆಸರು ದೊಡ್ಡದು. ಅದರ ಕಾಠಿಣ್ಯವೂ ಅಷ್ಟೇ ದೊಡ್ಡದು. 1999ರ ಓಪನ್ ಸ್ಪರ್ಧೆಯಲ್ಲಿ ಫ್ರಾನ್ಸಿನ ಜಾನ್ ವಾನ್ ಡೆ ವೆಲ್ಡೆ ಕೊನೆಯ ಕುಳಿಗೆ ಬಂದಾಗ ಮೂರು ಹೊಡೆತಗಳಷ್ಟು ಮುಂದಿದ್ದರು. ಅಲ್ಲಿ ಅವರ ಚೆಂಡು 'ಬ್ಯಾರಿ' ಎಂಬ ಹಳ್ಳಕ್ಕೆ ಬಿತ್ತು. ಗೆಲ್ಲಬೇಕಾದವರು ಸಮಬಲಕ್ಕೆ ಇಳಿದರು. ಹೆಚ್ಚುವರಿ ಆಟದಲ್ಲಿ ಸ್ಕಾಟ್ಲೆಂಡಿನ ಪಾಲ್ ಲಾರಿ ವಿಜಯಿಯಾದರು. ನುರಿತವರನ್ನೇ ಹೀಗೆ ಕಾಡುವ ನೆಲದಲ್ಲಿ ತಿಂಗಳಿಗೊಮ್ಮೆ ಆಡುವವರು ಚೆಂಡು ಹುಡುಕುವುದರಲ್ಲಿಯೇ ದಿನ ಕಳೆದಾರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಹಣಕ್ಕೆ ಸಲ್ಲುವಂತೆ ಆಟದ ಸಾಮರ್ಥ್ಯಕ್ಕೂ ಸಲ್ಲುತ್ತದೆ.

ಮೈದಾನವನ್ನು ಆರಿಸುವಾಗ ಅದರ ನಡವಳಿಕೆಯನ್ನೂ ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಎಡಿನ್‌ಬರೋ ಬಳಿಯ ಮ್ಯುಯರ್‌ಫೀಲ್ಡ್ ಕ್ಲಬ್ಬು ಶತಮಾನಗಳ ಕಾಲ ಹೆಂಗಸರಿಗೆ ಸದಸ್ಯತ್ವ ಕೊಟ್ಟಿರಲಿಲ್ಲ. 2016ರಲ್ಲಿ ಈ ಬಗ್ಗೆ ನಡೆದ ಮತದಾನ ಸೋತು, ಓಪನ್ ಸ್ಪರ್ಧೆ ನಡೆಸುವ ಗೌರವವೇ ಕೈತಪ್ಪುವ ಸ್ಥಿತಿ ಒದಗಿದಾಗ, 2017ರಲ್ಲಿ ಮತ್ತೆ ಮತ ಹಾಕಿ ಬಾಗಿಲು ತೆರೆಯಿತು. 2022ರಲ್ಲಿ ಮಹಿಳೆಯರ ಓಪನ್ ಸ್ಪರ್ಧೆ ಅಲ್ಲಿಯೇ ನಡೆಯಿತು. ಸೇಂಟ್ ಆಂಡ್ರೂಸಿನ ಹಳೆಯ ಕ್ಲಬ್ಬೂ ಹೆಂಗಸರನ್ನು ಸದಸ್ಯರನ್ನಾಗಿ ಒಪ್ಪಿದ್ದು 2014ರಲ್ಲಷ್ಟೇ. ಆದರೆ ಊರಿನ ಮೈದಾನದಲ್ಲಿ ಆಡಲು ಯಾವ ಕ್ಲಬ್ಬಿನ ಅಪ್ಪಣೆಯೂ ಬೇಕಾಗಿರಲಿಲ್ಲ. ಹೆಣ್ಣು ಗಂಡೆಂಬ ಭೇದವೆಣಿಸಬಾರದೆಂಬ ಸಂಸ್ಕಾರದಲ್ಲಿ ಬೆಳೆದ ಕುಟುಂಬಗಳು, ತಾಯಿ ಮಗಳಿಗೂ ಸಮಾನವಾಗಿ ತೆರೆದಿರುವ ನೆಲವನ್ನು ಮೆಚ್ಚುವುದು ಸ್ವಾಭಾವಿಕ.

ಹೊರಡುವ ಮುನ್ನ

ಒಂದು ಪೂರ್ಣ ಸುತ್ತಿಗೆ ನಾಲ್ಕು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ. ಆರೇಳು ಕಿಲೋಮೀಟರು ನಡೆಯಬೇಕಾಗುತ್ತದೆ. ಕಡಲಂಚಿನ ಈ ಮೈದಾನಗಳಲ್ಲಿ ನಡೆದೇ ಆಡುವುದು ರೂಢಿ. ಮೊಣಕಾಲು ನೋವಿರುವ ಹಿರಿಯರು ಒಂಬತ್ತು ಕುಳಿಗಳ ಆಟಕ್ಕೆ ತೃಪ್ತರಾಗುವುದು ಲೇಸು. ಕೋಲುಗಳ ಚೀಲವನ್ನು ಇಲ್ಲಿಂದ ಹೊತ್ತೊಯ್ಯಬೇಕಾಗಿಲ್ಲ. ದೊಡ್ಡ ಮೈದಾನಗಳಲ್ಲಿ ಬಾಡಿಗೆಗೆ ದೊರೆಯುತ್ತವೆ. ಆದರೆ ಕಾಲಿಗೆ ಒಗ್ಗಿದ ಪಾದರಕ್ಷೆ, ಮಳೆ ತಡೆಯುವ ಮೇಲಂಗಿ, ಬೆಚ್ಚನೆಯ ಉಡುಪು ಜೊತೆಗಿರಲಿ. ಅಲ್ಲಿ ಬೇಸಿಗೆಯೆಂದರೂ ಬಿಸಿಲು, ಗಾಳಿ, ಮಳೆ ಮೂರೂ ಒಂದೇ ಮಧ್ಯಾಹ್ನದಲ್ಲಿ ಬಂದು ಹೋಗುವುದುಂಟು. ಕಾಲರುಳ್ಳ ಅಂಗಿ ಧರಿಸುವುದು ಕ್ಷೇಮ; ಜೀನ್ಸ್ ಉಡುಪಿಗೆ ಕೆಲವು ಕ್ಲಬ್ಬುಗಳಲ್ಲಿ ಪ್ರವೇಶವಿಲ್ಲ. ಶಾಕಾಹಾರಿಗಳು ಬುತ್ತಿ ಕಟ್ಟಿಕೊಂಡು ಹೊರಟರೆ ನಿಶ್ಚಿಂತೆ. ಜೂನ್ ತಿಂಗಳಿನಲ್ಲಿ ಅಲ್ಲಿ ರಾತ್ರಿ ಹತ್ತರ ಸುಮಾರಿನವರೆಗೂ ಬೆಳಕಿರುತ್ತದೆ. ಆದುದರಿಂದ ಹಗಲೆಲ್ಲ ಮನೆಯವರೊಡನೆ ಊರು ನೋಡಿ, ಸಂಜೆ ನಾಲ್ಕರ ಮೇಲೆ ಆಟಕ್ಕಿಳಿದರೂ ಕತ್ತಲಾಗುವ ಮೊದಲೇ ಮುಗಿಸಬಹುದು. ಸಂಜೆಯ ಆಟಕ್ಕೆ ಕೆಲವೆಡೆ ಶುಲ್ಕದಲ್ಲಿ ರಿಯಾಯಿತಿಯೂ ಉಂಟು.

ಇಷ್ಟೆಲ್ಲವನ್ನೂ ತೂಗಿನೋಡಿದಾಗ ನಮಗೆ ತೋರುವ ಮಾರ್ಗ ಇದು. ಬೇಸಿಗೆಯ ಒಂದು ಭಾನುವಾರವನ್ನು ಆರಿಸಿಕೊಳ್ಳಿರಿ. ಈಡನ್ ಅಥವಾ ನ್ಯೂ ಮೈದಾನದಲ್ಲಿ ಸಂಜೆಯ ವೇಳೆಯನ್ನು ಮೊದಲೇ ಕಾದಿರಿಸಿರಿ. ಬೆಳಿಗ್ಗೆ ಮನೆಮಂದಿಯೆಲ್ಲ ಕೂಡಿ ಹಳೆಯ ಮೈದಾನದಲ್ಲಿ ನಡೆದಾಡಿರಿ. 'ಹಿಮಾಲಯಾಸ್' ಹಾಸಿನ ಮೇಲೆ ಮಕ್ಕಳೊಡನೆ ಆಡಿರಿ. ಮಧ್ಯಾಹ್ನ ಹಳೆಯ ವಿಶ್ವವಿದ್ಯಾನಿಲಯದ ಬೀದಿಗಳನ್ನು ಸುತ್ತಿಬನ್ನಿರಿ. ಆಮೇಲೆ ಆಟ ಬಲ್ಲವರು ಆಟಕ್ಕೆ ಹೋಗಲಿ, ಉಳಿದವರು ಕಡಲ ದಂಡೆಯಲ್ಲಿ ಕುಳಿತು ವಿಶ್ರಮಿಸಲಿ. ಚೀಟಿಯ ಹಂಗಿಲ್ಲ, ಸಾಲ ಮಾಡುವಷ್ಟು ಖರ್ಚಿಲ್ಲ, ಒಬ್ಬರ ಸುಖಕ್ಕಾಗಿ ಮತ್ತೊಬ್ಬರು ಕಾದು ಬೇಸರಪಡುವ ಪ್ರಸಂಗವೂ ಇಲ್ಲ.

ಹಳೆಯ ಮೈದಾನದಲ್ಲಿಯೇ ಆಡಲೇಬೇಕೆಂಬ ಹಂಬಲ ಬಲವಾಗಿದ್ದರೆ, ಒಂದು ದಿನದ ಬದಲು ಮೂರು ದಿನಗಳನ್ನು ಅದಕ್ಕಾಗಿ ತೆಗೆದಿಟ್ಟು, ಹಣವನ್ನು ವರ್ಷದ ಮುಂಚಿನಿಂದ ಕೂಡಿಟ್ಟು, ಮನೆಯವರ ಸಮ್ಮತಿ ಪಡೆದು ಹೋಗುವುದು ಯೋಗ್ಯ. ಬಾಳಿನಲ್ಲಿ ಒಮ್ಮೆ ಬರುವ ದಿನವನ್ನು ಹೆಸರಿಗಾಗಿ ಕಳೆಯುವುದಕ್ಕಿಂತ, ನಮ್ಮ ಶಕ್ತಿಗೂ ಸಂಸಾರಕ್ಕೂ ಒಪ್ಪುವಂತೆ ಬಳಸಿಕೊಳ್ಳುವುದೇ ಮೇಲು. ಹೊರಡುವವರ ಪ್ರಯಾಣ ಸುಖಕರವಾಗಲಿ, ಆಟ ಹರ್ಷದಾಯಕವಾಗಲಿ ಎಂದು ಹಾರೈಸುತ್ತೇವೆ.